ಹಕ್ಕಿನ ಹೋರಾಟಕ್ಕೆ ಹಾಡು ಕಟ್ಟುವ ಬಗೆ: ಕೋಲಾರ, ಚಿಕ್ಕಬಳ್ಳಾಪುರದ ಸಂಘಗಳಿಗೆ

ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂರುವ, ಸ್ಮಶಾನದ ಜಾಗಕ್ಕೋ ಬಗರ್‌ಹುಕುಂ ಸಾಗುವಳಿ ಚೀಟಿಗೋ ಕಾಲ್ನಡಿಗೆ ಜಾಥಾ ಹೊರಡುವ ಸಂಘಗಳು ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇಂದಿಗೂ ಸಾಕಷ್ಟಿವೆ. ಆದರೆ ಅವುಗಳ ಸಭೆಗಳಲ್ಲಿ ಹಾಡು ಬಹುಮಟ್ಟಿಗೆ ಭಾಷಣಕ್ಕೆ ಮುಂಚಿನ ಶಾಸ್ತ್ರವಾಗಿ ಉಳಿದಿದೆ. ಇಬ್ಬರು ಕಲಾವಿದರು ವೇದಿಕೆ ಹತ್ತಿ ಮೈಕಿನ ಮುಂದೆ ಎರಡು ಹೋರಾಟದ ಹಾಡು ಹೇಳುತ್ತಾರೆ, ಕೆಳಗೆ ಕುಳಿತವರು ಕೇಳಿ ಚಪ್ಪಾಳೆ ತಟ್ಟುತ್ತಾರೆ, ಮುಖ್ಯ ಅತಿಥಿಗಳು ಬಂದ ಕೂಡಲೇ ಹಾಡು ಅರ್ಧಕ್ಕೇ ನಿಲ್ಲುತ್ತದೆ. ಅಮೆರಿಕದ ಕಪ್ಪು ಜನರು 1950 ಮತ್ತು 60ರ ದಶಕಗಳಲ್ಲಿ ನಡೆಸಿದ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಜನಪದ ಹಾಡುಗಳೂ ಚರ್ಚಿನ ಗಾಸ್ಪೆಲ್ ಗೀತೆಗಳೂ ಇದಕ್ಕಿಂತ ಬಹಳ ದೊಡ್ಡ ಕೆಲಸ ಮಾಡಿದವು. ಸಭೆಗೆ ಬಂದ ಪ್ರತಿಯೊಬ್ಬರೂ ಹಾಡುತ್ತಿದ್ದುದೇ ಅದಕ್ಕೆ ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ. ಆ ಅನುಭವದಿಂದ ನಮ್ಮ ಸಂಘಗಳು ಏನನ್ನು ಎತ್ತಿಕೊಳ್ಳಬಹುದು, ಒಂದು ಹಾಡನ್ನು ಕಟ್ಟಿ, ಕಲಿಸಿ, ಬೀದಿಗೆ ತರುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಮಟ್ಟು

ಹೊಸ ಹಾಡು ಬೇಕೆಂದ ಕೂಡಲೇ ಕವಿಯೊಬ್ಬರ ಮನೆಯ ಬಾಗಿಲು ತಟ್ಟುವುದು ನಮ್ಮಲ್ಲಿ ರೂಢಿ. ಅದಕ್ಕೆ ಮುಂಚೆ ಮಟ್ಟನ್ನು ಹುಡುಕಬೇಕು. ಸಭೆಗೆ ಬರುವ ಜನರಿಗೆ ಈಗಾಗಲೇ ಬಾಯಿಪಾಠವಾಗಿರುವ ಮಟ್ಟು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಮಾತನ್ನು ಆಮೇಲೆ ಕೂಡಿಸಬಹುದು.

ಜಗತ್ತಿನ ಎಷ್ಟೋ ಕಡೆ ಹಾಡುವ, ನಾವು ಗೆದ್ದೇ ಗೆಲ್ಲುವೆವು ಎಂಬ ಅರ್ಥದ 'ವಿ ಶಲ್ ಓವರ್‌ಕಮ್' ಬೆಳೆದು ಬಂದ ಬಗೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರ ಬೇರುಗಳಿರುವುದು ಕಪ್ಪು ಜನರ ಹಳೆಯ ಭಕ್ತಿಗೀತೆಗಳಲ್ಲಿ. 1945ರ ಅಕ್ಟೋಬರಿನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಸಿಗಾರ್ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದರು, ಅವರಲ್ಲಿ ಕಪ್ಪು ಹೆಣ್ಣುಮಕ್ಕಳು ಬಹಳ ಮಂದಿ ಇದ್ದರು. ತಿಂಗಳುಗಟ್ಟಲೆ ಎಳೆದ ಆ ಮುಷ್ಕರದಲ್ಲಿ ಲುಸಿಲ್ ಸಿಮನ್ಸ್ ಎಂಬ ಕಾರ್ಮಿಕ ಮಹಿಳೆ, ಚರ್ಚಿನಲ್ಲಿ ಎಲ್ಲರಿಗೂ ಪರಿಚಿತವಾಗಿದ್ದ ಆ ಗೀತೆಯನ್ನು ಬಹಳ ನಿಧಾನವಾಗಿ, ಸ್ವರ ಎಳೆದು ಹಾಡುತ್ತಿದ್ದರು. ಮುಷ್ಕರದಲ್ಲಿದ್ದ ಕೆಲವರು ಟೆನೆಸ್ಸಿ ರಾಜ್ಯದ ಹೈಲ್ಯಾಂಡರ್ ಜನಪದ ಶಾಲೆ ಎಂಬ ಹೋರಾಟಗಾರರ ತರಬೇತಿ ಕೇಂದ್ರದ ಶಿಬಿರಕ್ಕೆ ಹೋದಾಗ, ಆ ಕಾರ್ಮಿಕರಿಂದ ಅಲ್ಲಿನ ಜಿಲ್ಫಿಯಾ ಹಾರ್ಟನ್ ಅದನ್ನು ಕಲಿತರು, ಜಿಲ್ಫಿಯಾ ಅವರಿಂದ ಜನಪದ ಗಾಯಕ ಪೀಟ್ ಸೀಗರ್ ಕಲಿತರು, 1960ರ ಏಪ್ರಿಲ್‌ನಲ್ಲಿ ರಾಲಿ ನಗರದಲ್ಲಿ ಕಪ್ಪು ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿ ಹುಟ್ಟಿದ ಸಭೆಯಲ್ಲಿ ಗಾಯಕ ಗೈ ಕ್ಯಾರವಾನ್ ಅದನ್ನು ಎಲ್ಲರಿಂದ ಹಾಡಿಸಿದರು. ಇಷ್ಟು ಕೈ ದಾಟಿ ಬಂದರೂ ಅಮೆರಿಕದ ದಕ್ಷಿಣದ ಊರುಗಳಲ್ಲಿ ಅದನ್ನು ಯಾರೂ ಹೊಸದಾಗಿ ಕಲಿಯಬೇಕಾಗಲಿಲ್ಲ, ಏಕೆಂದರೆ ಅಂಥ ಮಟ್ಟುಗಳು ಅಜ್ಜಿಯರ ಕಾಲದಿಂದ ಅವರ ಪ್ರಾರ್ಥನೆಯಲ್ಲಿದ್ದವು.

ಹೈಲ್ಯಾಂಡರ್ ಶಾಲೆಯಲ್ಲಿ ಶಿಬಿರಕ್ಕೆ ಬಂದವರಿಂದಲೇ ಹಾಡು ಕೇಳಿ ಸಂಗ್ರಹಿಸುವ ಪದ್ಧತಿ ಇತ್ತು. ಅದೇ ಪದ್ಧತಿಯನ್ನು ನೀವೂ ಅನುಸರಿಸಿರಿ. ಸ್ತ್ರೀಶಕ್ತಿ ಸಂಘದ ವಾರದ ಸಭೆ ಮುಗಿದ ಮೇಲೆ ಅರ್ಧ ಗಂಟೆ ಕುಳಿತು, ಮದುವೆಯಲ್ಲಿ ಹೇಳುವ ಸೋಬಾನೆ, ರಾಗಿ ಬೀಸುವಾಗಿನ ಪದ, ನಾಟಿಯ ಪದ, ಕೋಲಾಟದ ಪದ ಯಾವುವು ನೆನಪಿವೆ ಎಂದು ಹಿರಿಯ ಹೆಂಗಸರನ್ನು ಕೇಳಿರಿ. ಒಬ್ಬರು ಎತ್ತಿಕೊಂಡು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಉಳಿದವರು ತಾವಾಗಿ ಸೊಲ್ಲು ಹಿಡಿದರೆ ಆ ಮಟ್ಟು ನಿಮಗೆ ಒದಗುತ್ತದೆ. ಹೇಳಿದವರೊಬ್ಬರೇ ಕೊನೆಯವರೆಗೂ ಹೇಳಬೇಕಾಗಿ ಬಂದರೆ, ಹಾಡು ಎಷ್ಟೇ ಸೊಗಸಾಗಿರಲಿ, ಮೆರವಣಿಗೆಗೆ ಅದು ಆಗದು. ಚಿಂತಾಮಣಿ, ಬಾಗೇಪಲ್ಲಿ ಕಡೆಯ ಊರುಗಳಲ್ಲಿ ಕೈವಾರ ತಾತಯ್ಯನವರ ತತ್ವಪದಗಳನ್ನು ಭಜನೆ ಮಂಡಳಿಗಳು ವಾರವಾರವೂ ಹಾಡುತ್ತವೆ. ಕೆಜಿಎಫ್‌ನ ಹಳೆಯ ಗಣಿ ಕಾಲೊನಿಗಳಲ್ಲಿ ತಮಿಳು ಕ್ರೈಸ್ತ ಕೀರ್ತನೆಗಳು ಮನೆಮನೆಯಲ್ಲಿವೆ, ಕೋಲಾರ ಪಟ್ಟಣದ ಮೆಥಡಿಸ್ಟ್ ಸಭೆಯವರಿಗೆ ಕನ್ನಡ ಕೀರ್ತನೆಗಳು ಗೊತ್ತು. ಇವೆಲ್ಲವೂ ನಮ್ಮ ಸೊತ್ತು. ಒಂದು ಎಚ್ಚರಿಕೆಯೂ ಇದೆ. ದೇವರ ಸೇವೆಗೆಂದೇ ಮೀಸಲಾದ ಹಾಡುಗಳನ್ನು, ಉದಾಹರಣೆಗೆ ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿ ಕಾಡುಗೊಲ್ಲರು ಹಾಡುವ ಜುಂಜಪ್ಪನ ಪದಗಳಂಥವನ್ನು, ಆ ಸಮುದಾಯದ ಹಿರಿಯರ ಒಪ್ಪಿಗೆ ಪಡೆಯದೆ ಮಾತು ಬದಲಿಸಿ ಹಾಡುವುದು ತಪ್ಪು. ಸಿನಿಮಾ ಹಾಡಿನ ಮಟ್ಟು ಎಲ್ಲರಿಗೂ ಬರುತ್ತದೆ ನಿಜ, ಆದರೆ ಅದು ಶುರುವಾದ ಕೂಡಲೇ ಜನರ ಮನಸ್ಸು ನಾಯಕ ನಟನ ಕಡೆ ಹೋಗುತ್ತದೆ. ಬೇರೆ ದಾರಿಯಿಲ್ಲದಾಗ ಮಾತ್ರ ಅದನ್ನು ಬಳಸಬೇಕೆಂಬುದು ನನ್ನ ಅಭಿಪ್ರಾಯ.

ಮಾತು ಕೂಡಿಸುವುದು

ಮಟ್ಟು ಸಿಕ್ಕ ಮೇಲೆ ಇಡೀ ಹಾಡನ್ನು ಹೊಸದಾಗಿ ಬರೆಯುವ ಆಸೆ ಸಹಜ. ಅದನ್ನು ತಡೆದುಕೊಳ್ಳಬೇಕು. ಜಾರ್ಜಿಯಾ ರಾಜ್ಯದ ಆಲ್ಬನಿ ಪಟ್ಟಣದಲ್ಲಿ 1961ರ ಕೊನೆಯಲ್ಲಿ ಚಳವಳಿ ಶುರುವಾದಾಗ ಬರ್ನಿಸ್ ಜಾನ್ಸನ್ ಎಂಬ ಕಾಲೇಜು ವಿದ್ಯಾರ್ಥಿನಿಗೆ ಮೆರವಣಿಗೆಯ ನಂತರ ಒಂದು ಹಾಡು ಹೇಳಲು ಹೇಳಿದರು. ತಲೆಯ ಮೇಲೆ ಗಾಳಿಯಲ್ಲಿ ಕಷ್ಟ ಕಾಣುತ್ತಿದೆ ಎನ್ನುವ ಹಳೆಯ ಭಕ್ತಿಗೀತೆಯನ್ನು ಆಕೆ ಎತ್ತಿಕೊಂಡು, ಕಷ್ಟವೆನ್ನುವ ಜಾಗ ಬಂದಾಗ ಸ್ವಾತಂತ್ರ್ಯವೆಂದು ಹಾಡಿದರು. ಬದಲಾದದ್ದು ಅಷ್ಟೇ. ಅದೇ ವರ್ಷ ಮಿಸಿಸಿಪ್ಪಿಯ ಹೈಂಡ್ಸ್ ಕೌಂಟಿ ಜೈಲಿನಲ್ಲಿದ್ದ ಪಾದ್ರಿ ಆಸ್ಬಿಯವರು, ಬೆಳಗ್ಗೆ ಏಳುವಾಗ ಯೇಸುವಿನ ಮೇಲೆ ಮನಸ್ಸು ನೆಟ್ಟಿತ್ತು ಎಂಬ ಗೀತೆಯಲ್ಲಿ ಯೇಸುವಿನ ಹೆಸರಿದ್ದಲ್ಲಿ ಸ್ವಾತಂತ್ರ್ಯವನ್ನು ಇಟ್ಟರು. ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ ಆಲಿಸ್ ವೈನ್ ಎಂಬ ಮಹಿಳೆ, ನೇಗಿಲ ಮೇಲಿಟ್ಟ ಕೈ ತೆಗೆಯಬೇಡವೆನ್ನುವ ಹಳೆಯ ಹಾಡಿಗೆ, ಗುರಿಯ ಮೇಲಿಟ್ಟ ಕಣ್ಣು ತೆಗೆಯಬೇಡವೆನ್ನುವ ಸಾಲನ್ನು ಕೊಟ್ಟರು. ಕಪ್ಪು ಜನರಿಗೆ ಓದುಬರಹ ಕಲಿಸಿ ಮತದಾರರ ಪಟ್ಟಿಗೆ ಸೇರಿಸುವ ಪೌರತ್ವ ಶಾಲೆಗಳು ಮೊದಲು ಹುಟ್ಟಿದ್ದು ಅದೇ ದ್ವೀಪದಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಓದು ಬಾರದವರಿಗೂ ಹಾಡಿಗೊಂದು ಸಾಲು ಕೊಡುವ ಅಧಿಕಾರ ಅಲ್ಲಿತ್ತು.

ಹಾಗಾಗಿ ಒಂದು ಪ್ರಶ್ನೆ, ಒಂದು ಉತ್ತರ, ನಡುವೆ ಬದಲಾಯಿಸಬಹುದಾದ ಒಂದೇ ಒಂದು ಜಾಗ ಇರುವಂತೆ ಹಾಡನ್ನು ಕಟ್ಟಿರಿ. ಸೋಬಾನೆಯ ನಡೆಗೆ ಹೊಂದುವ ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇನೆ.

ಕೆರೆಯ ನೀರು ಯಾರದವ್ವಾ?
ನಮ್ಮೆಲ್ಲರದವ್ವಾ.
ಊರ ಬಾವಿ ಯಾರದವ್ವಾ?
ನಮ್ಮೆಲ್ಲರದವ್ವಾ.

ಪದ ಎತ್ತಿಕೊಡುವವರು ಪ್ರಶ್ನೆ ಹಾಕುತ್ತಾರೆ, ಉತ್ತರ ಎಂದೂ ಬದಲಾಗುವುದಿಲ್ಲ. ಸ್ಮಶಾನಕ್ಕಾಗಿ ನಡೆಯುವ ಜಾಥಾದಲ್ಲಿ 'ಮಣ್ಣಿನ ಜಾಗ' ಎನ್ನಬಹುದು, ತಾಲ್ಲೂಕು ಕಚೇರಿಯ ಮುಂದೆ 'ಸರ್ಕಾರಿ ಕಚೇರಿ' ಎನ್ನಬಹುದು, ದೇವಸ್ಥಾನ ಪ್ರವೇಶದ ಪ್ರಶ್ನೆ ಬಂದರೆ 'ಗುಡಿಯ ಬಾಗಿಲು' ಎನ್ನಬಹುದು. ಸಭೆಯಲ್ಲಿ ಮೊದಲ ಬಾರಿಗೆ ಕುಳಿತವರಿಗೂ ಎರಡನೆಯ ಸುತ್ತಿಗೆ ಉತ್ತರ ಬಂದುಬಿಡುತ್ತದೆ, ನಾಲ್ಕನೆಯ ಸುತ್ತಿಗೆ ಅವರೇ ಪ್ರಶ್ನೆ ಎತ್ತಲು ಶುರುಮಾಡುತ್ತಾರೆ. ಆ ಘಳಿಗೆಗಾಗಿ ಕಾಯಬೇಕು, ಬಂದಾಗ ಮುಂದಾಳುಗಳು ಸುಮ್ಮನಾಗಿ ಜಾಗ ಬಿಡಬೇಕು. ಗುಡಿಬಂಡೆ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಗಡಿಯ ಊರುಗಳಲ್ಲಿ ಮನೆಮಾತು ತೆಲುಗಾಗಿರುವವರು ಬಹಳ. ಅಲ್ಲಿ 'ಚೆರುವು ನೀಳ್ಳು ಎವರಿವಮ್ಮಾ' ಎಂದು ಕೇಳಿ 'ಮನಂದರಿವಮ್ಮಾ' ಎಂದು ಉತ್ತರ ಪಡೆದರೆ ಅದೇ ಮಟ್ಟು, ಅದೇ ಅಳತೆ ಹೊಂದಿಕೊಳ್ಳುತ್ತದೆ. ಒಂದು ಸುತ್ತು ಕನ್ನಡ, ಒಂದು ಸುತ್ತು ತೆಲುಗು ಹಾಡಿದರೆ ಎರಡೂ ಕೇರಿಯವರು ಒಂದೇ ಸಾಲಿನಲ್ಲಿ ನಡೆಯುತ್ತಾರೆ. ತಾತಯ್ಯನವರು ಎರಡೂ ಭಾಷೆಗಳಲ್ಲಿ ಪದ ಹಾಡಿದ ಸೀಮೆಯಲ್ಲಿ ಇದು ಯಾರಿಗೂ ಹೊಸದೆನಿಸುವುದಿಲ್ಲ.

ಹೆಸರು ಹಿಡಿದು ಹಾಡುವ ವಿಷಯದಲ್ಲಿ ಯೋಚಿಸಿ ಹೆಜ್ಜೆಯಿಡಬೇಕು. ಆಲ್ಬನಿಯಲ್ಲಿ ಪೊಲೀಸ್ ಮುಖ್ಯಸ್ಥ ಲಾರಿ ಪ್ರಿಚೆಟ್ ಅವರ ಹೆಸರನ್ನೇ ಹಾಡಿನಲ್ಲಿ ಸೇರಿಸಿ, ಅವರು ನಮ್ಮನ್ನು ಹಿಂದಕ್ಕೆ ತಿರುಗಿಸಲಾರರು ಎಂದು ಅವರ ಎದುರಿಗೇ ಹಾಡಿದರು. ಅದು ದಿಟ್ಟತನ, ಅದರಲ್ಲಿ ಬೈಗುಳವಿರಲಿಲ್ಲ. ಅಧಿಕಾರಿಯ ಹುದ್ದೆಯನ್ನೂ ಅವರು ಮಾಡಬೇಕಾದ ಕೆಲಸವನ್ನೂ ಹಾಡಿನಲ್ಲಿ ಹೇಳಿರಿ. ಯಾರದೇ ಜಾತಿ, ಯಾರದೇ ಮನೆಯ ಹೆಣ್ಣುಮಕ್ಕಳನ್ನು ಎತ್ತಿ ಆಡುವ ಸಾಲು ನಗೆ ತರಿಸಿದರೂ ಅದನ್ನು ಅಲ್ಲಿಯೇ ಕೈಬಿಡಬೇಕು.

ಪದ ಎತ್ತುವವರು ಮತ್ತು ಮೈಕು

ಒಳ್ಳೆಯ ಕಂಠದವರಿಗಿಂತ ಗಟ್ಟಿ ಕಂಠದವರು, ಉಸಿರು ಹಿಡಿಯಬಲ್ಲವರು, ಜನರ ಮುಖ ನೋಡಿ ಹಾಡಬಲ್ಲವರು ಮುಂದಾಳುಗಳಾಗಬೇಕು. ಕನಿಷ್ಠ ಮೂವರು ಬೇಕು, ಒಬ್ಬರ ದನಿ ಬಿದ್ದಾಗ ಇನ್ನೊಬ್ಬರು ಎತ್ತಿಕೊಳ್ಳುವಂತಿರಬೇಕು. ಅವರಲ್ಲಿ ಇಬ್ಬರು ಹೆಂಗಸರಿರಲಿ. ಜಾಥಾದಲ್ಲಿ ಹೆಂಗಸರೇ ಹೆಚ್ಚಿರುವಾಗ ಗಂಡಸರು ತಮ್ಮ ಶ್ರುತಿಯಲ್ಲಿ ಎತ್ತಿದರೆ ಮುಕ್ಕಾಲು ಪಾಲು ಜನ ಬಾಯಿ ಬಿಡಲಾರದೆ ಸುಮ್ಮನಾಗುತ್ತಾರೆ. ಮುಂದಾಳುಗಳು ಒಂದೇ ಕಡೆ ಗುಂಪಾಗಿ ನಿಲ್ಲದೆ ಮೆರವಣಿಗೆಯ ತಲೆಗೊಬ್ಬರು, ನಡುವೊಬ್ಬರು, ಬಾಲಕ್ಕೊಬ್ಬರು ಇರಬೇಕು. ಇಲ್ಲದಿದ್ದರೆ ಮುಂದಿನವರ ಪದವೇ ಬೇರೆ, ಹಿಂದಿನವರ ಪದವೇ ಬೇರೆ ಆಗುತ್ತದೆ.

ಅಭ್ಯಾಸದ ಹೊತ್ತಿನಲ್ಲಿ ಮೈಕು ಬೇಡವೇ ಬೇಡ. ಜಾಥಾದಲ್ಲಿಯೂ ಅದು ಘೋಷಣೆಗೆ ಮತ್ತು ಸೂಚನೆಗಳಿಗೆ ಇರಲಿ. ಮೈಕು ಒಬ್ಬರ ದನಿಯನ್ನು ದೊಡ್ಡದು ಮಾಡಿ ಉಳಿದವರ ದನಿಯನ್ನು ಅವರ ಕಿವಿಗೇ ಕೇಳಿಸದಂತೆ ಮಾಡುತ್ತದೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ನಾಗರಿಕ ಹಕ್ಕುಗಳಿಗಾಗಿ ಸೇರಿದ ಸುಮಾರು ಎರಡೂವರೆ ಲಕ್ಷ ಜನರ ಎದುರು ಗಾಸ್ಪೆಲ್ ಗಾಯಕಿ ಮಹಾಲಿಯಾ ಜ್ಯಾಕ್ಸನ್ ಹಾಡಿದ್ದನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಆ ಜನಸಾಗರ ಅಲ್ಲಿಗೆ ಬರುವ ಧೈರ್ಯ ಪಡೆದದ್ದು ಮಾಂಟ್ಗೊಮರಿ, ಆಲ್ಬನಿಗಳಂಥ ಊರುಗಳ ಚರ್ಚುಗಳಲ್ಲಿ ರಾತ್ರಿ ಸಭೆಗಳಿಗೆ ಬಂದು ತಾವೇ ಹಾಡಿದ್ದರಿಂದ. ಬಸ್ಸಿನಲ್ಲಿ ಬಣ್ಣ ನೋಡಿ ಕೂರಿಸುವುದನ್ನು ವಿರೋಧಿಸಿ ಮಾಂಟ್ಗೊಮರಿಯ ಕಪ್ಪು ಜನರು 381 ದಿನ ಬಸ್ಸು ಹತ್ತದೆ ನಡೆದರು, ಅಷ್ಟು ಕಾಲವೂ ಆ ಸಭೆಗಳು ನಡೆದವು. ಆಲ್ಬನಿಯ ಯುವಕ ಯುವತಿಯರು 1962ರಲ್ಲಿ ಫ್ರೀಡಂ ಸಿಂಗರ್ಸ್ ಎಂಬ ತಂಡ ಕಟ್ಟಿ ದೇಶ ಸುತ್ತಿ, ಹಾಡಿನ ಮೂಲಕ ಚಳವಳಿಯ ಸುದ್ದಿ ಮುಟ್ಟಿಸಿ ಹಣ ಕೂಡಿಸಿದರು. ತಂಡ ಕಟ್ಟುವುದು ತಪ್ಪಲ್ಲ, ಆದರೆ ತಂಡ ಹುಟ್ಟಬೇಕಾದದ್ದು ಹಾಡುವ ಸಭೆಯ ನಂತರ.

ಮೆರವಣಿಗೆಗೂ ಧ್ವನಿವರ್ಧಕಕ್ಕೂ ಪೊಲೀಸ್ ಠಾಣೆಯಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ.

ತಮಟೆಯ ಪ್ರಶ್ನೆ

ಈ ಸೀಮೆಯ ಮೆರವಣಿಗೆಯಲ್ಲಿ ತಮಟೆ ಇಲ್ಲದಿದ್ದರೆ ಕಾಲು ಎದ್ದು ನಡೆಯುವುದಿಲ್ಲ. ಆದರೆ ಅದನ್ನು ಕರೆಸುವ ಮುನ್ನ ಸಂಘದೊಳಗೆ ಮನಬಿಚ್ಚಿ ಮಾತಾಡಬೇಕಾದ ಸಂಗತಿಯೊಂದಿದೆ. ತಲೆಮಾರುಗಳ ಕಾಲ ಸಾವಿಗೂ ಜಾತ್ರೆಗೂ ಬಿಟ್ಟಿಯಾಗಿ ತಮಟೆ ಬಡಿಯುವುದನ್ನು ಒಂದು ಜಾತಿಯ ಹೆಗಲಿಗೆ ಕಟ್ಟಲಾಗಿತ್ತು. 1970ರ ದಶಕದಿಂದ ದಲಿತ ಚಳವಳಿ ಬೆಳೆದಂತೆ ಎಷ್ಟೋ ಊರುಗಳಲ್ಲಿ ಯುವಕರು ಇನ್ನು ತಮಟೆ ಬಡಿಯುವುದಿಲ್ಲವೆಂದು ಕೆಳಗಿಟ್ಟರು, ಆ ನಿರ್ಧಾರಕ್ಕೆ ಪೂರ್ಣ ನ್ಯಾಯವಿತ್ತು. ಅದೇ ತಮಟೆಯನ್ನು ಚಳವಳಿ ತನ್ನ ದನಿಯಾಗಿ ಮತ್ತೆ ಕೈಗೆತ್ತಿಕೊಂಡದ್ದೂ ಇದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸಿಕೊಂಡು ಬಂದ 'ಹುಣ್ಣಿಮೆ ಹಾಡು' ಕಾರ್ಯಕ್ರಮ ಈ ವಾದ್ಯಕ್ಕೂ ಈ ನೆಲದ ಪದಗಳಿಗೂ ಗೌರವದ ಜಾಗ ಕೊಟ್ಟಿತು. ಅಮೆರಿಕದಲ್ಲಿಯೂ ಇಂಥದೇ ಬೇಗುದಿ ಇತ್ತು. 1964ರಲ್ಲಿ ಅಟ್ಲಾಂಟಾದಲ್ಲಿ ಚಳವಳಿಯ ಹಾಡುಗಾರರೆಲ್ಲ ಸೇರಿದ ಶಿಬಿರದಲ್ಲಿ, ಗುಲಾಮಗಿರಿಯ ಕಾಲದ ಹಾಡುಗಳನ್ನು ನಾವು ಏಕೆ ಹಾಡಬೇಕೆಂದು ಕೆಲವು ಯುವಕರು ಕೇಳಿದರು, ಹಿರಿಯ ಗಾಯಕಿ ಬೆಸ್ಸಿ ಜೋನ್ಸ್ ಆ ಹಾಡುಗಳಲ್ಲಿಯೇ ಪೂರ್ವಿಕರು ತಮ್ಮ ಮನದ ಮಾತನ್ನು ಹೇಳಿಕೊಂಡರೆಂದು ಉತ್ತರಿಸಿದರು.

ಆದ್ದರಿಂದ ತಮಟೆ ಬಡಿಯಲು ಯಾರನ್ನೂ ಜಾತಿ ನೋಡಿ ಕರೆಯಬೇಡಿ. ಬಡಿಯಬಲ್ಲವರು ತಾವಾಗಿ ಒಪ್ಪಿದರೆ ಮಾತ್ರ ಬರಲಿ, ಅವರಿಗೆ ಭಾಷಣಕಾರರಿಗೆ ಸಿಗುವ ಕುರ್ಚಿ, ಊಟ, ಗೌರವಧನ ಎಲ್ಲವೂ ಸಿಗಲಿ, ಅವರಿಂದ ಬೇರೆ ಜಾತಿಯ ಹುಡುಗ ಹುಡುಗಿಯರೂ ಕಲಿಯಲಿ. ಮೆರವಣಿಗೆ ಹೊರಡುವ ಜಾಗದಲ್ಲಿ ಒಂದು ಹೊರೆ ಒಣ ಹುಲ್ಲು ಇರಲೇಬೇಕು. ಚರ್ಮದ ತಮಟೆ ಬೆಳಗಿನ ತಂಪಿಗೆ ಸಡಿಲಾಗಿ ದನಿ ಮೊಂಡಾಗುತ್ತದೆ. ಹುಲ್ಲು ಹೊತ್ತಿಸಿ, ಉರಿಗೆ ತೀರ ಹತ್ತಿರ ಹಿಡಿಯದೆ, ತಿರುಗಿಸುತ್ತ ಕಾಯಿಸಿ, ನಡುನಡುವೆ ಬೆರಳಿನಿಂದ ತಟ್ಟಿ ನೋಡಿ, ದನಿ ಖಣ್ಣೆನ್ನತೊಡಗಿದಾಗ ನಿಲ್ಲಿಸುತ್ತಾರೆ. ಹೆಚ್ಚು ಕಾಯ್ದರೆ ಚರ್ಮ ಸೀಳುತ್ತದೆ. ದಾರಿಯಲ್ಲಿ ಎರಡು ಕಡೆಯಾದರೂ ಮತ್ತೆ ಕಾಯಿಸಬೇಕಾಗುತ್ತದೆ, ಆ ಬಿಡುವನ್ನು ಜಾಥಾದ ವೇಳಾಪಟ್ಟಿಯಲ್ಲೇ ಸೇರಿಸಿ, ತಮಟೆ ಇಲ್ಲದ ನಿಧಾನದ ಹಾಡೊಂದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿರಿ.

ಭಯದ ಹೊತ್ತಿನ ಹಾಡು

ಹಾಡಿನ ಅತ್ಯಂತ ದೊಡ್ಡ ಉಪಯೋಗ ಇಲ್ಲಿದೆ, ಆದರೆ ನಮ್ಮ ಸಂಘಗಳು ಇದಕ್ಕೆ ತಯಾರಿಯನ್ನೇ ಮಾಡಿಕೊಳ್ಳುವುದಿಲ್ಲ. 1962ರ ಆಗಸ್ಟ್ 31ರಂದು ಮಿಸಿಸಿಪ್ಪಿಯ ರೂಲ್‌ವಿಲ್ ಊರಿನಿಂದ 18 ಮಂದಿ ಕಪ್ಪು ಜನರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹಳೆಯ ಬಸ್ಸೊಂದರಲ್ಲಿ ಇಂಡಿಯನೋಲಾಕ್ಕೆ ಹೋದರು. ಹಿಂತಿರುಗುವಾಗ ಪೊಲೀಸರು ಬಸ್ಸನ್ನು ತಡೆದರು. ಬಸ್ಸಿನ ಹಳದಿ ಬಣ್ಣ ಹೆಚ್ಚಾಗಿದೆ, ಅದು ಶಾಲೆಯ ಬಸ್ಸಿನಂತೆ ಕಾಣುತ್ತದೆ ಎಂಬುದು ಅವರು ಹೊರಿಸಿದ ತಪ್ಪು. ಒಳಗಿದ್ದವರು ಜೈಲು ಖಚಿತವೆಂದು ನಡುಗುತ್ತಿದ್ದಾಗ, ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ ಎಂಬ ಮಹಿಳೆ ತಾವು ಚರ್ಚಿನಲ್ಲಿ ಕಲಿತ ಗೀತೆಗಳನ್ನು ಒಂದರ ಹಿಂದೆ ಒಂದರಂತೆ ಎತ್ತಿದರು. ಬಸ್ಸಿನಲ್ಲಿದ್ದವರು ಜೊತೆಗೂಡಿದರು. ಚಾಲಕನಿಗೆ ಹಾಕಿದ ದಂಡವನ್ನು ಎಲ್ಲರೂ ಸೇರಿ ಕಟ್ಟಿ ಊರು ಸೇರಿದರು. ಆಕೆ ಆ ದಿನವೇ ಕೆಲಸವನ್ನೂ ವಾಸದ ಮನೆಯನ್ನೂ ಕಳೆದುಕೊಂಡರು, ಚಳವಳಿಗೆ ಮಾತ್ರ ಅಂದೊಬ್ಬ ನಾಯಕಿ ಸಿಕ್ಕರು. 1959ರಲ್ಲಿ ಹೈಲ್ಯಾಂಡರ್ ಶಾಲೆಯ ಮೇಲೆ ರಾತ್ರಿ ಪೊಲೀಸರು ದಾಳಿ ಮಾಡಿ ದೀಪ ಆರಿಸಿದಾಗ, ಕತ್ತಲಲ್ಲಿ ಕುಳಿತ ಹದಿಹರೆಯದ ಹುಡುಗಿ ಜಮೀಲಾ ಜೋನ್ಸ್ ನಮಗೆ ಭಯವಿಲ್ಲವೆಂಬ ಸಾಲನ್ನು 'ವಿ ಶಲ್ ಓವರ್‌ಕಮ್' ಹಾಡಿಗೆ ಸೇರಿಸಿದರು. 1961ರಲ್ಲಿ ಪಾರ್ಚ್‌ಮನ್ ಜೈಲಿನಲ್ಲಿ ಹಾಡುವುದನ್ನು ನಿಲ್ಲಿಸದಿದ್ದರೆ ಹಾಸಿಗೆ ಕಿತ್ತುಕೊಳ್ಳುತ್ತೇವೆಂದು ಕಾವಲುಗಾರರು ಗದರಿಸಿದರು, ಕಿತ್ತುಕೊಂಡರು ಕೂಡ, ಚಳವಳಿಯ ಬಂದಿಗಳು ಬರಿ ಕಬ್ಬಿಣದ ಮೇಲೆ ಮಲಗಿ ಹಾಡಿದರು.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಬೆಂಕಿಗೆ ಆಹುತಿ ಕೊಟ್ಟ ಸೀಮೆ ನಮ್ಮದು. ಇಲ್ಲಿ ಹಕ್ಕು ಕೇಳಲು ಬೀದಿಗೆ ಇಳಿಯುವವರ ಭಯ ಹುಸಿಯಲ್ಲ, ಧೈರ್ಯವಾಗಿರಿ ಎಂದು ಭಾಷಣದಲ್ಲಿ ಹೇಳಿದರೆ ಅದು ಹೋಗುವುದೂ ಇಲ್ಲ. ಇದಕ್ಕಾಗಿ ಪ್ರತ್ಯೇಕವಾಗಿ ಒಂದು ಹಾಡು ಇರಬೇಕು. ಅದರಲ್ಲಿ ಮಾತು ಬಹಳ ಕಡಿಮೆ ಇರಲಿ, ಗತಿ ನಿಧಾನವಾಗಿರಲಿ, ಕುಳಿತಲ್ಲಿಯೇ ಕೆಳದನಿಯಲ್ಲಿ ಹಾಡುವಂತಿರಲಿ. ಏಕೆಂದರೆ ಭಯಪಟ್ಟವರಿಗೆ ಉಸಿರು ಮೇಲಕ್ಕೆ ಸಿಕ್ಕಿಕೊಂಡಿರುತ್ತದೆ, ಉದ್ದ ಸಾಲು ಬಾಯಿಗೆ ಬರುವುದಿಲ್ಲ. ಪೊಲೀಸ್ ವ್ಯಾನು ಬಂದಾಗ, ಎದುರು ಗುಂಪು ಅಡ್ಡ ನಿಂತಾಗ ಅದನ್ನು ಯಾರು ಎತ್ತಬೇಕು, ಅವರನ್ನು ಕರೆದೊಯ್ದರೆ ಆಮೇಲೆ ಯಾರು ಎತ್ತಬೇಕು ಎಂಬುದು ಹಿಂದಿನ ದಿನವೇ ತೀರ್ಮಾನವಾಗಿರಬೇಕು. ಹಾಡು ಶುರುವಾದಾಗ ಪಕ್ಕದವರ ಕೈ ಹಿಡಿದು ಅಲ್ಲಿಯೇ ಕುಳಿತುಕೊಳ್ಳಬೇಕೆಂದು ಎಲ್ಲರಿಗೂ ಅಭ್ಯಾಸದಲ್ಲಿ ಹೇಳಿಕೊಟ್ಟಿದ್ದರೆ ಜನ ಚದುರಿ ಓಡುವುದೂ ಕಾಲ್ತುಳಿತವೂ ಕಲ್ಲಿಗೆ ಕೈಹಾಕುವುದೂ ಬಹುಮಟ್ಟಿಗೆ ತಪ್ಪುತ್ತದೆ.

ಜಾಥಾ ಮುಗಿದ ಮೇಲೆ

ಅಂದು ರಾತ್ರಿಯೋ ಮಾರನೆಯ ದಿನವೋ ಮುಂದಾಳುಗಳು ಸೇರಿ, ದಾರಿಯಲ್ಲಿ ಯಾವ ಯಾವ ಹೊಸ ಪ್ರಶ್ನೆಗಳನ್ನು ಯಾರು ಎತ್ತಿದರೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಸಾಲು ಕೊಟ್ಟವರ ಹೆಸರು, ಊರು, ಮೂಲ ಮಟ್ಟನ್ನು ಹೇಳಿಕೊಟ್ಟ ಅಜ್ಜಿಯ ಹೆಸರು ಅದರಲ್ಲಿ ಇರಲೇಬೇಕು. 'ವಿ ಶಲ್ ಓವರ್‌ಕಮ್' ಹಾಡಿನ ಹಕ್ಕುಸ್ವಾಮ್ಯ ನೋಂದಣಿಯಾದಾಗ ಸೀಗರ್, ಹಾರ್ಟನ್, ಕ್ಯಾರವಾನ್ ಮುಂತಾದವರ ಹೆಸರುಗಳಿದ್ದವು, ಮುಷ್ಕರದಲ್ಲಿ ಅದನ್ನು ಹಾಡಿದ ಲುಸಿಲ್ ಸಿಮನ್ಸ್ ಅವರ ಹೆಸರಿರಲಿಲ್ಲ. ಹಾಡಿನ ಹಕ್ಕುಸ್ವಾಮ್ಯದಿಂದ ಬಂದ ಹಣವನ್ನು ನಿಧಿಯೊಂದಕ್ಕೆ ಹಾಕಿ ದಕ್ಷಿಣದ ಕಪ್ಪು ಸಮುದಾಯಗಳ ಸಾಂಸ್ಕೃತಿಕ ಕೆಲಸಗಳಿಗೆ ಕೊಡುತ್ತ ಬಂದರು, ಅದು ಮೆಚ್ಚಬೇಕಾದ ಏರ್ಪಾಡು. 2018ರಲ್ಲಿ ಹಾಡು ಸಾರ್ವಜನಿಕರ ಸೊತ್ತಾಯಿತು. ಆದರೂ ಆ ಕಾರ್ಖಾನೆಯ ಹೆಣ್ಣುಮಕ್ಕಳ ಹೆಸರುಗಳಲ್ಲಿ ಬಹುಪಾಲು ನಮಗೆ ಸಿಗದೆ ಹೋದದ್ದು ನನ್ನನ್ನು ಈಗಲೂ ನೋಯಿಸುತ್ತದೆ.

ಮೊಬೈಲಿನಲ್ಲಿ ಚಿತ್ರಿಸಿಕೊಂಡದ್ದನ್ನು ವಾಟ್ಸಾಪಿಗೆ ಹಾಕುವ ಮುನ್ನ ಅದರಲ್ಲಿ ಕಾಣುವವರನ್ನು ಕೇಳಿರಿ. ಜಮೀನಿನ ವ್ಯಾಜ್ಯವೋ ದೌರ್ಜನ್ಯದ ಮೊಕದ್ದಮೆಯೋ ನಡೆಯುತ್ತಿರುವವರ ಮುಖ ಕಾಣಿಸದಂತೆ ದನಿಯನ್ನಷ್ಟೇ ಹಂಚಿರಿ. ನೋಟ್‌ಬುಕ್ಕು ಸಂಘದ ಕಚೇರಿಯ ಬೀರುವಿಗೆ ಸೇರುವುದು ಬೇಡ. ಪದ ಎತ್ತುವ ಹೆಂಗಸರಲ್ಲೊಬ್ಬರ ಮನೆಯಲ್ಲಿ ಅದು ಇದ್ದರೆ, ಮುಂದಿನ ಅಭ್ಯಾಸಕ್ಕೆ ಕರೆಯುವವರೂ ಅವರೇ ಆಗುತ್ತಾರೆ.